ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳೋ ಮೊದಲು ಹಾಕಬೇಕಾದ ಲೆಕ್ಕ

ಯುಗಾದಿ ಊಟ ಮುಗಿಸಿ ಇನ್ನೂ ಕೈ ತೊಳೆದಿರಲಿಲ್ಲ. ಅಕ್ಕನ ಮಗ ಮೊಬೈಲ್ ತಂದು ಮುಖದ ಮುಂದೆ ಹಿಡಿದ. "ಮಾಮ, ಇದನ್ನ ಸ್ವಲ್ಪ ನೋಡು." ಕೆಂಪು ಬಣ್ಣದ ಆಡಿ ಟಿಟಿ. 2016ರ ಮಾಡೆಲ್, ಓಡಿದ್ದು 48 ಸಾವಿರ ಕಿ.ಮೀ., ಮಾರುತ್ತಿರುವವರು ಮೂರನೇ ಓನರ್, ಕೇಳುತ್ತಿರುವ ಬೆಲೆ 26 ಲಕ್ಷ. "ಹೊಸದು 60 ಲಕ್ಷ ಇತ್ತು ಮಾಮ. ಅರ್ಧಕ್ಕಿಂತ ಕಮ್ಮಿಗೆ ಸಿಗ್ತಿದೆ!"

ಹುಡುಗ ಹೇಳಿದ್ದು ಸುಳ್ಳಲ್ಲ. 2015ರ ಏಪ್ರಿಲ್‌ನಲ್ಲಿ ಈ ಕಾರು ನಮ್ಮ ದೇಶಕ್ಕೆ ಬಂದಾಗ ದಿಲ್ಲಿಯ ಎಕ್ಸ್ ಶೋರೂಮ್ ಬೆಲೆ 60.34 ಲಕ್ಷ. ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 230 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಶಕ್ತಿ. 2023ರಲ್ಲಿ ಕಂಪನಿ ಟಿಟಿ ತಯಾರಿಕೆಯನ್ನೇ ನಿಲ್ಲಿಸಿತು. ಹಾಗಾಗಿ ಆಸೆ ಇನ್ನಷ್ಟು ಜಾಸ್ತಿ.

ಹುಡುಗನಿಗೆ 26 ವಯಸ್ಸು. ಕೈಗೆ ಬರುವ ಸಂಬಳ 1.10 ಲಕ್ಷ, ಬ್ಯಾಂಕಿನಲ್ಲಿ 9 ಲಕ್ಷ ಇದೆ. ಆಫೀಸಿಗೆ ಹೋಗಿ ಬರಲು ಬೈಕ್ ಇದೆ. "ಬೇಡ ಕಣೋ" ಅಂದುಬಿಡುವುದು ಸುಲಭವಿತ್ತು. ಆದರೆ ಆ ವಯಸ್ಸಿನಲ್ಲಿ ನನಗೂ ಹಾಗೆ ಹೇಳಿದವರಿದ್ದರು, ನಾನು ಕೇಳಲಿಲ್ಲ. ಅದಕ್ಕೇ ಬೇಡ ಅನ್ನದೆ ಒಂದು ಹಾಳೆ, ಪೆನ್ನು ತರಿಸಿದೆ. ಅವತ್ತು ಇಬ್ಬರೂ ಕೂತು ಹಾಕಿದ ಲೆಕ್ಕವೇ ಈ ಲೇಖನ. ಟಿಟಿ ಇದ್ದ ಜಾಗದಲ್ಲಿ ನಿಮ್ಮ ಕಣ್ಣು ಬಿದ್ದಿರುವ ಕಾರು, ಅವನ ಸಂಬಳದ ಜಾಗದಲ್ಲಿ ನಿಮ್ಮದು ಹಾಕಿಕೊಳ್ಳಿ.

ಹೆಜ್ಜೆ 1: ಸಾಲ ಸಿಗುತ್ತಾ, ಯಾವ ಸಾಲ ಅಂತ ನೋಡಿ

ಹುಡುಗರು ಇಲ್ಲಿಯೇ ಮೊದಲು ಎಡವುವುದು. ಹಳೆ ಕಾರಿಗೆ ಸಾಲ ಕೊಡುವಾಗ ಸಾಮಾನ್ಯವಾಗಿ ಬ್ಯಾಂಕುಗಳು, ಸಾಲ ತೀರುವ ಹೊತ್ತಿಗೆ ಕಾರಿಗೆ ಹತ್ತು ವರ್ಷ ದಾಟಬಾರದು ಎನ್ನುತ್ತವೆ. 2016ರ ಕಾರಿಗೆ ಐದು ವರ್ಷದ ಸಾಲ ಕೇಳಿದರೆ ಕೌಂಟರಿನಲ್ಲೇ ನಗುತ್ತಾರೆ. ಆಗ ಉಳಿಯುವುದು ಪರ್ಸನಲ್ ಲೋನ್.

9 ಲಕ್ಷದಲ್ಲಿ 6 ಲಕ್ಷ ಕೈಯಿಂದ ಹಾಕಿ 3 ಲಕ್ಷ ಇಟ್ಟುಕೊಂಡ ಅಂದುಕೊಳ್ಳಿ. ಬಾಕಿ 20 ಲಕ್ಷ ಸಾಲ. ಶೇ 12ರ ಬಡ್ಡಿ, ಐದು ವರ್ಷ. ತಿಂಗಳ ಕಂತು 44,489 ರೂಪಾಯಿ. ಐದು ವರ್ಷ ಮುಗಿಯುವಾಗ ಬಡ್ಡಿಯೇ 6.69 ಲಕ್ಷ ಕಟ್ಟಿರುತ್ತಾನೆ. ಅಂದರೆ 26 ಲಕ್ಷದ ಕಾರು ಅವನಿಗೆ ಬೀಳುವುದು 32.69 ಲಕ್ಷಕ್ಕೆ.

"ಸಂಬಳದಲ್ಲಿ ನಲವತ್ತು ಪರ್ಸೆಂಟ್ ಅಷ್ಟೇ ಅಲ್ವಾ ಮಾಮ, ಮ್ಯಾನೇಜ್ ಮಾಡಬಹುದು" ಅಂದ. ಎಲ್ಲರೂ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ.

ಹೆಜ್ಜೆ 2: ಕಾರು ಬಿಟ್ಟಿ ಸಿಕ್ಕಿತು ಅಂದುಕೊಂಡು ಲೆಕ್ಕ ಹಾಕಿ

ಕಂತನ್ನು ಪಕ್ಕಕ್ಕಿಡಿ. ಯಾರೋ ಪುಣ್ಯಾತ್ಮರು ಕಾರನ್ನು ಸುಮ್ನೆ ಕೊಟ್ಟುಬಿಟ್ಟರು ಅಂತಲೇ ಇಟ್ಟುಕೊಳ್ಳೋಣ. ಅದನ್ನು ಸಾಕಲು ತಿಂಗಳಿಗೆ ಎಷ್ಟು ಬೇಕು?

ಪೆಟ್ರೋಲಿನಿಂದ ಶುರು ಮಾಡಿದೆವು. ವಾರಾಂತ್ಯಕ್ಕೆ ಮಾತ್ರ ತೆಗೆದರೂ ತಿಂಗಳಿಗೆ 600 ಕಿ.ಮೀ. ಆಗುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಲೀಟರಿಗೆ 8 ಕಿ.ಮೀ. ಕೊಟ್ಟರೆ ದೊಡ್ಡದು. 75 ಲೀಟರ್, ಲೀಟರಿಗೆ 103 ರೂಪಾಯಿ. 7,725 ಆಯಿತು. ಅಪಾರ್ಟ್‌ಮೆಂಟಿನಲ್ಲಿ ಅವನಿಗಿರುವುದು ಬೈಕ್ ಜಾಗ ಮಾತ್ರ. ಪಾರ್ಕಿಂಗ್ ಬಾಡಿಗೆಗೆ ಹಿಡಿಯಬೇಕು, ಜತೆಗೆ ತೊಳೆಯುವವರ ಸಂಬಳ. 2,500.

ಇನ್ಶೂರೆನ್ಸ್. 1500 ಸಿಸಿಗಿಂತ ದೊಡ್ಡ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ 2022ರಲ್ಲಿ ನಿಗದಿಯಾದ ಪ್ರಕಾರ ವರ್ಷಕ್ಕೆ 7,897 ರೂಪಾಯಿ. ದೊಡ್ಡ ಮೊತ್ತ ಇರುವುದು ಸ್ವಂತ ಕಾರಿನ ಹಾನಿಯ ಭಾಗದಲ್ಲಿ. ಹಳೆ ಓನರಿನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕಾರಿನ ಜತೆ ಬರುವುದಿಲ್ಲ, ಅವರ ಹತ್ತಿರವೇ ಉಳಿಯುತ್ತದೆ. ಎಲ್ಲಾ ಸೇರಿ ವರ್ಷಕ್ಕೆ 66 ಸಾವಿರ ಅಂತ ಬರೆದುಕೊಂಡೆವು. ತಿಂಗಳಿಗೆ 5,500.

ಇಷ್ಟು ಹಳೆ ಕಾರಿಗೆ ಝೀರೊ ಡೆಪ್ರಿಸಿಯೇಶನ್, ಅಂದರೆ ಭಾಗಗಳ ಸವಕಳಿ ಕಳೆಯದೆ ದುಡ್ಡು ಕೊಡುವ ವಿಮೆ, ಸಿಗುವುದೂ ಕಷ್ಟ. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧ ನಿಮ್ಮ ಜೇಬಿನಿಂದಲೇ. ಬಂಪರ್ ಯಾವುದರಿಂದ ಮಾಡಿರುತ್ತಾರೆ ಹೇಳಿ? ನಮ್ಮ ಹಂಪುಗಳಿಗೆ, ಬೇಸ್‌ಮೆಂಟ್ ಇಳಿಜಾರಿಗೆ ಮೊದಲು ತಾಗುವುದೂ ಅದೇ.

ಕೊನೆಗೆ ರಿಪೇರಿ. ಇಷ್ಟೆಲ್ಲ ಬರೆದದ್ದು ಈ ಒಂದು ಮಾತಿಗಾಗಿ. ಕಾರಿನ ಬೆಲೆ 60ರಿಂದ 26 ಲಕ್ಷಕ್ಕೆ ಇಳಿಯಿತು. ಅದರ ವಾಟರ್ ಪಂಪಿನ ಬೆಲೆ ಇಳಿಯಲಿಲ್ಲ. ಹೆಡ್‌ಲೈಟಿನ ಬೆಲೆ ಇಳಿಯಲಿಲ್ಲ. ನೀವು ಕೊಟ್ಟದ್ದು 26 ಲಕ್ಷವಾದರೂ ನೀವು ಸಾಕುತ್ತಿರುವುದು 60 ಲಕ್ಷದ ಕಾರನ್ನೇ, ಅದೂ ವಾರಂಟಿ ಮುಗಿದು ವಯಸ್ಸಾದದ್ದನ್ನು.

ಇದನ್ನು ಕಲಿಯಲು ನಾನು ಕೊಟ್ಟ ಫೀಸು 2.2 ಲಕ್ಷ. ಒಂದು ಕಾಲದಲ್ಲಿ 7 ಲಕ್ಷ ಕೊಟ್ಟು ಹಳೆ ಜರ್ಮನ್ ಸೆಡಾನ್ ಒಂದನ್ನು ತಂದಿದ್ದೆ. ಮಾರಿದವರ ಹೆಸರು ಬೇಡ. ಎಂಟನೇ ತಿಂಗಳಿಗೆ ತುಮಕೂರು ರಸ್ತೆಯಲ್ಲಿ ಗೇರು ಬೀಳುವುದು ನಿಂತಿತು. ಗೇರ್‌ಬಾಕ್ಸಿನ ಮೆಕಾಟ್ರಾನಿಕ್ಸ್, ಅಂದರೆ ಗೇರು ತಾನಾಗಿ ಬದಲಿಸುವ ಎಲೆಕ್ಟ್ರಾನಿಕ್ ಘಟಕ, ಹೋಗಿದೆ ಅಂದರು. ಆ ಪದವನ್ನು ಅವತ್ತೇ ಮೊದಲ ಸಲ ಕೇಳಿದ್ದು.

ಅಂದಿನಿಂದ ನಾನು ಹಿಡಿದುಕೊಂಡಿರುವ ಲೆಕ್ಕ ಇದು: ಕಾರು ಹೊಸದಿದ್ದಾಗಿನ ಬೆಲೆಯಲ್ಲಿ ಶೇ 2.5ರಷ್ಟನ್ನು ಪ್ರತಿ ವರ್ಷ ಸರ್ವಿಸ್, ರಿಪೇರಿ, ಟೈರಿಗೆ ಅಂತ ಎತ್ತಿಡಬೇಕು. ಕೊಂಡ ಬೆಲೆಯಲ್ಲಲ್ಲ, ಹೊಸ ಬೆಲೆಯಲ್ಲಿ. 60 ಲಕ್ಷಕ್ಕೆ ವರ್ಷಕ್ಕೆ 1.5 ಲಕ್ಷ, ತಿಂಗಳಿಗೆ 12,500. ಒಂದು ವರ್ಷ ಅಷ್ಟು ಖರ್ಚಾಗದೇ ಇರಬಹುದು. ಮುಂದಿನ ವರ್ಷ ಅದು ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಕೂಡಿ: 7,725, 2,500, 5,500, 12,500. ಒಟ್ಟು 28,225.

ಹುಡುಗ ಪೆನ್ನು ಕೆಳಗಿಟ್ಟ. ಬಿಟ್ಟಿ ಸಿಕ್ಕ ಕಾರಿಗೇ ಸಂಬಳದ ಕಾಲು ಭಾಗ ಹೋಯಿತು. ಕಂತು ಸೇರಿಸಿದರೆ 72,714. ಉಳಿಯುವ 37 ಸಾವಿರದಲ್ಲಿ ಮನೆ ಬಾಡಿಗೆ, ಊಟ, ಊರಿಗೆ ಕಳಿಸುವ ದುಡ್ಡು.

ಹೆಜ್ಜೆ 3: ಎಷ್ಟು ಸಂಬಳಕ್ಕೆ ಈ ಕಾರು?

20-4-10 ಅನ್ನುವ ಸೂತ್ರವೊಂದು ಓಡಾಡುತ್ತದೆ. ಶೇ 20 ಡೌನ್ ಪೇಮೆಂಟ್, ನಾಲ್ಕು ವರ್ಷದೊಳಗೆ ಸಾಲ ತೀರಬೇಕು, ಕಾರಿನ ಒಟ್ಟು ಖರ್ಚು ಆದಾಯದ ಶೇ 10 ದಾಟಬಾರದು. ಇದನ್ನು ಪಾಲಿಸಿದರೆ ಮಾರುತಿ ಕೊಳ್ಳುವುದೂ ಕಷ್ಟ, ಟಿಟಿ ಮಾತು ಬಿಡಿ. ನಾನು ಅಷ್ಟು ಬಿಗಿ ಮನುಷ್ಯನಲ್ಲ. ಮದುವೆ, ಮನೆ ಸಾಲ ಇಲ್ಲದ ಹುಡುಗ ಆಸೆಪಟ್ಟ ಕಾರಿಗೆ ಸಂಬಳದ ಮೂರನೇ ಒಂದು ಭಾಗ ಸುರಿಯಲಿ. ಆ ಪ್ರಕಾರ ಈ ಕಾರಿಗೆ ಕೈಗೆ ಬರುವ ಸಂಬಳ ಸುಮಾರು 2.2 ಲಕ್ಷ ಇರಬೇಕು. ಜತೆಗೆ ಕಾರು ಕೊಂಡ ಮರುದಿನವೂ ಬ್ಯಾಂಕಿನಲ್ಲಿ ಆರು ತಿಂಗಳ ಮನೆ ಖರ್ಚು, ಒಂದು ಗೇರ್‌ಬಾಕ್ಸಿನ ದುಡ್ಡು ಉಳಿದಿರಬೇಕು. ಐಟಿಯಲ್ಲಿ ಕೆಲಸದ ಭರವಸೆ ಈಗ ಹೇಗಿದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹೆಜ್ಜೆ 4: ಕಾರು ಇಲ್ಲದೆಯೇ ಕಂತು ಕಟ್ಟಿ ನೋಡಿ

ಲೆಕ್ಕ ಒಪ್ಪದವರಿಗೆ ಇದು. ಬೇರೆ ಖಾತೆ ತೆರೆಯಿರಿ. ಸಂಬಳ ಬಂದ ದಿನವೇ 72,714 ರೂಪಾಯಿ ಅಲ್ಲಿಗೆ ಹಾಕಿ. ಆರು ತಿಂಗಳು ಮುಟ್ಟಬೇಡಿ. ಬದುಕು ನಡೆಯಿತಾ? ಕಾರು ನಿಮ್ಮದು, ಜತೆಗೆ 4.36 ಲಕ್ಷ ಉಳಿತಾಯ.

ನಮ್ಮ ಹುಡುಗ ಮೊದಲ ತಿಂಗಳು ಹುಮ್ಮಸ್ಸಿನಲ್ಲಿ ಹಾಕಿದ. ಎರಡನೇ ತಿಂಗಳು ಸಾಗರದಲ್ಲಿ ಗೆಳೆಯನ ಮದುವೆ. ಬಟ್ಟೆ, ಉಡುಗೊರೆ, ಅಲ್ಲಿಂದ ಗೋಕರ್ಣ. ಇಪ್ಪತ್ತನೇ ತಾರೀಕಿಗೆ ಫೋನು: "ಮಾಮ, ಆ ಖಾತೆಯಿಂದ ಸ್ವಲ್ಪ ತೆಗೀಲಾ?" ಬ್ಯಾಂಕಿನ ಕಂತಾಗಿದ್ದರೆ ಹಾಗೆ ಕೇಳಲು ಆಗುತ್ತಿತ್ತಾ?

ಹೆಜ್ಜೆ 5: ದುಡ್ಡಿದ್ದರೂ ಕಾರನ್ನು ಮುಟ್ಟಿ ನೋಡಿ

ಅವನ ಸಮಾಧಾನಕ್ಕೆ ಒಂದು ಭಾನುವಾರ ಕಾರು ನೋಡಲು ಹೋದೆವು. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿದ್ದೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗಲೇ ಅದರ ರೋಗ ಕೇಳಿಸುವುದು. ಹೋಗಿ ಬಾನೆಟ್ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು.

ಆಮೇಲೆ ಟೈರು. ಅದರ ಪಕ್ಕದಲ್ಲಿ ಒಂದು ಉದ್ದನೆಯ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತದೆ. 1418 ಅಂತಿತ್ತು. 2018ರ ಹದಿನಾಲ್ಕನೇ ವಾರ ತಯಾರಾದದ್ದು ಅಂತ ಅರ್ಥ. ಮೇಲಿನ ಪಟ್ಟಿ ಚೆನ್ನಾಗಿಯೇ ಇತ್ತು, ಪಕ್ಕದಲ್ಲಿ ರಬ್ಬರ್ ಕೂದಲೆಳೆಯ ಹಾಗೆ ಬಿರುಕು ಬಿಟ್ಟಿತ್ತು. ನಾಲ್ಕೂ ಬದಲಿಸಲೇಬೇಕು.

ಸೀಟ್ ಬೆಲ್ಟನ್ನು ಪೂರ್ತಿ, ಕೊನೆಯವರೆಗೂ ಎಳೆದು ನೋಡಿ. ಮುಳುಗಿದ ಕಾರನ್ನು ಎಷ್ಟೇ ತೊಳೆದರೂ ಬೆಲ್ಟಿನ ಆ ಕೊನೆಯ ತುಂಡಿನಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆ, ಯಮಲೂರು ಕಡೆ ದುಬಾರಿ ಕಾರುಗಳು ನೀರಿನಲ್ಲಿ ನಿಂತಿದ್ದನ್ನು ಟಿವಿಯಲ್ಲಿ ನೋಡಿದ್ದೀರಲ್ಲ. ಅವುಗಳಲ್ಲಿ ಒಂದು ಹೊಳೆಯುವ ಪಾಲಿಶ್ ಹೊಡೆಸಿಕೊಂಡು ನಿಮ್ಮ ಮುಂದೆ ನಿಂತಿರಬಹುದು. ಈ ಕಾರಿನ ಬೆಲ್ಟು ಶುದ್ಧವಾಗಿತ್ತು, ಅದನ್ನೂ ಹೇಳಬೇಕು.

ಕೊನೆಗೆ ಗೊತ್ತಿರುವ ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಏರಿಸಿ ಸ್ಕ್ಯಾನರ್ ಹಾಕಿಸಿದೆವು. ಕೆಲವು ಸಾವಿರ ಹೋಗುತ್ತದೆ, ಹೋಗಲಿ. ಮೆಕ್ಯಾನಿಕ್ ಟಾರ್ಚ್ ಹಿಡಿದು ಎಂಜಿನ್ ಸಂದಿಯಲ್ಲಿ ತೋರಿಸಿದ್ದು ತಿಳಿ ಗುಲಾಬಿ ಬಣ್ಣದ ಒಣ ಕಲೆ. ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಜಿನುಗಿದ ಗುರುತು. ಈ ಎಂಜಿನ್ನಿನ ವಾಟರ್ ಪಂಪಿನ ಕವಚ ಪ್ಲಾಸ್ಟಿಕ್ಕಿನದು, ವಯಸ್ಸಾದ ಮೇಲೆ ಸೋರುವುದು ಅದರ ಹಳೆ ಚಾಳಿ. ಗೇರ್‌ಬಾಕ್ಸ್ ಆಯಿಲನ್ನು 60 ಸಾವಿರ ಕಿ.ಮೀ.ಗೆ ಬದಲಿಸಬೇಕು. ಆ ಖರ್ಚೂ ಹತ್ತಿರದಲ್ಲೇ ಕಾಯುತ್ತಿತ್ತು.

ಹೆಜ್ಜೆ 6: ಕಾಗದಪತ್ರ

ಆರ್‌ಸಿಯಲ್ಲಿ ಹಳೆ ಸಾಲದ ಹೈಪಾಥಿಕೇಶನ್ (ಕಾರು ಬ್ಯಾಂಕಿಗೆ ಅಡಮಾನ ಇದೆ ಅನ್ನುವ ನಮೂದು) ಇನ್ನೂ ಇದ್ದರೆ ಬ್ಯಾಂಕಿನ ಎನ್‌ಒಸಿ, ಆ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ. ಹೆಸರು ಬದಲಾವಣೆಗೆ ಫಾರ್ಮ್ 29, 30.

ಬೇರೆ ರಾಜ್ಯದ ನಂಬರ್ ಇದ್ದರೆ ಮಾತ್ರ ನಿಧಾನವಾಗಿ ಓದಿ. ದಿಲ್ಲಿ ಕಾರುಗಳು ಅಗ್ಗ. ಅಲ್ಲಿ ಡೀಸೆಲ್ ಕಾರಿಗೆ ಹತ್ತು, ಪೆಟ್ರೋಲ್ ಕಾರಿಗೆ ಹದಿನೈದು ವರ್ಷದ ಗಡಿ ಇಟ್ಟ ಭಯದಲ್ಲಿ ಜನ ಮಾರುತ್ತಾ ಬಂದಿದ್ದಾರೆ. ಆದರೆ ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿನ ಆಜೀವ ತೆರಿಗೆ ಶೇ 18, ಅದರ ಮೇಲೆ ಸೆಸ್. ಕಾರಿನ ವಯಸ್ಸು ನೋಡಿ ರಿಯಾಯಿತಿ ಇದೆಯಾದರೂ ಲೆಕ್ಕ ಶುರುವಾಗುವುದು ಹೊಸ ಬೆಲೆಯಿಂದ. ಹೀಗಾಗಿ ಅಗ್ಗಕ್ಕೆ ಬಂದ ಕಾರಿಗೂ ಲಕ್ಷಗಳ ಲೆಕ್ಕದಲ್ಲೇ ಕಟ್ಟಬೇಕು. ಹೊರಗಿನ ನಂಬರಿನಲ್ಲೇ ಓಡಿಸಿದರಾಯಿತು ಅನ್ನುವವರಿಗೆ: 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನಂಬರಿನ ಫೆರಾರಿಯೊಂದನ್ನು ಹಿಡಿದ ಆರ್‌ಟಿಒ ಅಧಿಕಾರಿಗಳು ಒಂದೇ ದಿನದಲ್ಲಿ 1.41 ಕೋಟಿ ವಸೂಲಿ ಮಾಡಿದರು.

ಲೆಕ್ಕ ಕೂಡಿ ಬರದಿದ್ದರೆ

ಕಾರಿನ ಹುಚ್ಚು ಬಿಡಬೇಕಿಲ್ಲ, ಹೊಸ ಬೆಲೆ ಕಡಿಮೆ ಇರುವ ಕಾರು ನೋಡಿ. ಹ್ಯುಂಡೈ ಐ20 ಎನ್ ಲೈನ್, ಫೋಕ್ಸ್‌ವ್ಯಾಗನ್ ಪೋಲೊದ ಒಂದು ಲೀಟರ್ ಟರ್ಬೊ ಮ್ಯಾನ್ಯುಯಲ್. ಹೊಸದರಲ್ಲಿ 10-12 ಲಕ್ಷದ ಆಸುಪಾಸಿನ ಕಾರಿಗೆ ನನ್ನ ಶೇ 2.5ರ ಲೆಕ್ಕದಲ್ಲಿ ವರ್ಷಕ್ಕೆ 30 ಸಾವಿರ ಎತ್ತಿಟ್ಟರೆ ಸಾಕು. ಸಕಲೇಶಪುರದ ಘಾಟಿಯಲ್ಲಿ ಅದೇನೂ ಕಮ್ಮಿ ಖುಷಿ ಕೊಡುವುದಿಲ್ಲ, ಓಡಿಸಿಯೇ ಹೇಳುತ್ತಿದ್ದೇನೆ.

ಹುಡುಗ ಈಗ ತಿಂಗಳಿಗೆ 30 ಸಾವಿರ ಆ ಖಾತೆಗೆ ಹಾಕುತ್ತಿದ್ದಾನೆ, ತೆಗೆದಿಲ್ಲ. ಟಿಟಿಯನ್ನು ಮೇ ತಿಂಗಳಲ್ಲಿ ಬೇರೆ ಯಾರೋ ಕೊಂಡರು. ಆಗ ಹುಡುಗ ಎರಡು ದಿನ ನನ್ನ ಫೋನ್ ಎತ್ತಲಿಲ್ಲ. ದೀಪಾವಳಿ ಹಿಂದಿನ ರಾತ್ರಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಅದೇ ಕೆಂಪು ಟಿಟಿ, ಅದೇ ನಂಬರ್ ಪ್ಲೇಟ್. ಮಾರುತ್ತಿರುವವರು ನಾಲ್ಕನೇ ಓನರ್, ಬೆಲೆ 23.5 ಲಕ್ಷ. ಆರು ತಿಂಗಳಲ್ಲಿ ಓಡಿದ್ದು 900 ಕಿ.ಮೀ. ಕೆಳಗೆ ಒಂದೇ ಸಾಲು ಬರೆದಿದ್ದ: "ವಾಟರ್ ಪಂಪ್ ಹೊಸದಂತೆ ಮಾಮ."