ಮಕ್ಕಳ ಜೊತೆ ಕ್ಯಾಂಪ್‌ಫೈರ್: ಉರಿ, ಕೆಂಡ, ಬೂದಿ

ಕ್ಯಾಂಪ್‌ಫೈರ್ ಅಂದ ಕೂಡಲೇ ಹೆಚ್ಚಿನವರು ಇರುವ ಸೌದೆಯನ್ನೆಲ್ಲ ಒಟ್ಟಿ ಆಳೆತ್ತರ ಉರಿ ಎಬ್ಬಿಸುತ್ತಾರೆ. ಅರ್ಧ ಗಂಟೆ ಫೋಟೋ, ಹಾಡು. ಅಷ್ಟರಲ್ಲಿ ಕಾವು ತಡೆಯಲಾಗದೆ ಮಕ್ಕಳು ಹಿಂದೆ ಸರಿದಿರುತ್ತಾರೆ, ಸೌದೆ ಮುಗಿದಿರುತ್ತದೆ, ಉರಿಗೆ ಎಸೆದ ಗೆಣಸು ಹೊರಗೆ ಕರಿ, ಒಳಗೆ ಹಸಿ. ಬೆಂಕಿ ಯಾವ ಹಂತದಲ್ಲಿದೆ ಎಂದು ನೋಡದೆ ಆಟ, ಅಡುಗೆ ಇಟ್ಟುಕೊಂಡರೆ ಹೀಗೇ ಆಗುವುದು. ನಾವು ಸಂಜೆಯನ್ನು ಮೂರು ಪಾಲು ಮಾಡಿಕೊಳ್ಳುತ್ತೇವೆ. ಮೊದಲ ಒಂದು ಗಂಟೆ ಉರಿ ಇರುವಾಗ ಹಾಡು, ಒಗಟು, ಕಥೆ. ಆಮೇಲೆ ಒಂದೂಕಾಲು ಗಂಟೆ ಕೆಂಡದಲ್ಲಿ ಸುಡುವ ಕೆಲಸ. ಕೊನೆಗೆ ಬೂದಿ ಮುಚ್ಚಿ ಬೆಳಕು ತಗ್ಗಿದಾಗ ಆಕಾಶ. ಎಂಟು ಹತ್ತು ಜನರ ಕುಟುಂಬಕ್ಕೆ 20ರಿಂದ 25 ಕಿಲೋ ಒಣ ಸೌದೆ ಇಷ್ಟಕ್ಕೂ ಸಾಕು.

ಚಿಕ್ಕಮಗಳೂರು, ಸಕಲೇಶಪುರ ಕಡೆಯ ತೋಟಗಳಲ್ಲಿ ಟೆಂಟ್ ಹಾಕುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಒಳ್ಳೆಯ ಕಾಲ: ಚಳಿ ಇರುತ್ತದೆ, ಆಕಾಶ ತಿಳಿಯಾಗಿರುತ್ತದೆ, ನೆಲ ಪೂರ್ತಿ ಒಣಗಿರುವುದಿಲ್ಲ. ಫೆಬ್ರುವರಿ ಬಂತೆಂದರೆ ನಾವು ಬೆಂಕಿ ಹಾಕುವುದೇ ಇಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುಹೋದದ್ದು ನೆನಪಿರಲಿ. ಆ ಹೊತ್ತಿಗೆ ತರಗೆಲೆ ಒಂದು ಕಿಡಿಗೆ ಕಾದು ಕೂತಿರುತ್ತದೆ. ಮೀಸಲು ಅರಣ್ಯದೊಳಗೆ ಬೆಂಕಿ ಹಚ್ಚುವುದು ಯಾವ ತಿಂಗಳಲ್ಲೂ ಅಪರಾಧ. ಖಾಸಗಿ ಜಾಗದಲ್ಲಿ, ತೋಟದವರನ್ನು ಕೇಳಿ, ಅವರು ತೋರಿಸಿದ ಕಡೆಯೇ ಹಾಕಬೇಕು. ಡಿಸೆಂಬರ್, ಜನವರಿ ಕಾಫಿ ಕೊಯ್ಲಿನ ದಿನಗಳಾದ್ದರಿಂದ ಕಣದಲ್ಲಿ ಹಣ್ಣು ಒಣಹಾಕಿರುತ್ತಾರೆ. ಅದರ ಹತ್ತಿರ ಬೆಂಕಿ ಬೇಡ, ಕಾಫಿ ಬೀಜ ಹೊಗೆ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ.

ಗುಂಡಿ ಎರಡೂವರೆ ಅಡಿ ಅಗಲ, ಮುಕ್ಕಾಲು ಅಡಿ ಆಳ ಇದ್ದರೆ ಸರಿ. ಅದಕ್ಕಿಂತ ಆಳ ತೋಡಿದರೆ ಗಾಳಿ ಸಿಗದೆ ಬರೀ ಹೊಗೆ. ಸುತ್ತ ಹತ್ತು ಅಡಿ ತರಗೆಲೆ, ಒಣ ಹುಲ್ಲು ಕೆರೆದು ಮಣ್ಣು ಕಾಣುವಂತೆ ಮಾಡಿ. ಕೊಯ್ದ ಗದ್ದೆಯಾದರೆ ಕೂಳೆಯನ್ನೂ ಕಿತ್ತುಬಿಡಿ. ಅಂಚಿಗೆ ಕಲ್ಲು ಇಡುವುದಾದರೆ ಹೊಳೆಯಿಂದ ಎತ್ತಿ ತಂದ ಕಲ್ಲು ಬೇಡ. ಅದರೊಳಗೆ ಇಂಗಿರುವ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ. ಹಸಿ ಬಿದಿರೂ ಹಾಗೆಯೇ, ಗೆಣ್ಣಿನ ನಡುವೆ ಸಿಕ್ಕಿಕೊಂಡ ಗಾಳಿ ಮತ್ತು ಆವಿಗೆ ಪಟಾಕಿಯಂತೆ ಒಡೆದು ಕೆಂಡ ಹಾರಿಸುತ್ತದೆ. ಟೆಂಟ್ ಗಾಳಿ ಬರುವ ದಿಕ್ಕಿನಲ್ಲಿ, ಬೆಂಕಿಯಿಂದ ಕನಿಷ್ಠ ಹದಿನೈದು ಅಡಿ ಆಚೆ. ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು ಮೊದಲೇ ಪಕ್ಕದಲ್ಲಿರಬೇಕು.

ಇನ್ನೊಂದು ಕೆಲಸ ನಾವು ತಪ್ಪಿಸುವುದಿಲ್ಲ. ಗುಂಡಿಯ ಅಂಚಿನಿಂದ ಮೂರೂವರೆ ಅಡಿ ಬಿಟ್ಟು ರಂಗೋಲಿ ಪುಡಿಯಲ್ಲಿ ದಪ್ಪಗೆ ಒಂದು ಸುತ್ತು ಗೆರೆ ಎಳೆಯುತ್ತೇವೆ. ಕತ್ತಲಲ್ಲೂ ಬೆಳ್ಳಗೆ ಕಾಣುತ್ತದೆ. ಮಕ್ಕಳಿಗೆ "ಹತ್ತಿರ ಹೋಗಬೇಡ" ಎಂದು ನೂರು ಸಲ ಹೇಳುವುದಕ್ಕಿಂತ ಈ ಗೆರೆ ಚೆನ್ನಾಗಿ ಕೆಲಸ ಮಾಡುತ್ತದೆ, ಎಳೆಯುವುದನ್ನು ಅವರಿಗೇ ವಹಿಸಿದರೆ ಇನ್ನೂ ಚೆನ್ನ. ಗೆರೆಯೊಳಗೆ ಕಾಲಿಡುವುದು ಬೆಂಕಿ ನೋಡಿಕೊಳ್ಳುವ ಒಬ್ಬರು ದೊಡ್ಡವರು ಮಾತ್ರ. ಆ ಹೊತ್ತು ಅವರ ಕೈಯಲ್ಲಿ ಫೋನ್ ಇರಬಾರದು. ನೈಲಾನ್, ಪಾಲಿಯೆಸ್ಟರ್ ಜಾಕೆಟ್‌ಗೆ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆಯ ಕಂಬಳಿ ಧಗ್ಗನೆ ಹತ್ತಿಕೊಳ್ಳುವುದಿಲ್ಲ, ಹೊದ್ದು ಕೂರಲು ಅದೇ ಸರಿ.

ಮಕ್ಕಳ ಆಟ ಬೆಂಕಿ ಹಚ್ಚುವ ಮೊದಲೇ ಶುರು. ನಾಲ್ಕೂವರೆ ಗಂಟೆಗೆ ಪುರಲೆ ಆರಿಸಲು ಕಳಿಸುತ್ತೇವೆ. ಮೂರು ಗುಡ್ಡೆ ಆಗಬೇಕು: ಬೆಂಕಿಕಡ್ಡಿಯಷ್ಟು ಸಣ್ಣದು, ಪೆನ್ಸಿಲ್ ಗಾತ್ರದ್ದು, ಹೆಬ್ಬೆರಳು ಗಾತ್ರದ್ದು. ಮುರಿದಾಗ ಚಟ್ ಎಂದರೆ ಒಣಗಿದೆ, ಬಾಗಿದರೆ ಹಸಿ. ಹಸಿ ತಂದವರು ತಾವೇ ವಾಪಸ್ ಬಿಸಾಡಿ ಬರಬೇಕು. ದೊಡ್ಡ ಸೌದೆಗೆ ತೋಟದಲ್ಲಿ ಸಿಗುವ ಹಳೆ ಕಾಫಿ ಗಿಡದ ಬುಡಕ್ಕೆ ಸಮ ಇಲ್ಲ. ಗಟ್ಟಿ, ಹೊಗೆ ಕಡಿಮೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಬಯಲುಸೀಮೆಯಲ್ಲಾದರೆ ಜಾಲಿ, ಹುಣಸೆ. ಸಿಲ್ವರ್ ಓಕ್ ಬೇಗ ಹತ್ತಿಕೊಂಡು ಬೇಗ ಮುಗಿಯುತ್ತದೆ, ಉರಿಗೆ ಸರಿ, ಕೆಂಡಕ್ಕೆ ಸಾಲದು. ಗೇರುಬೀಜದ ಸಿಪ್ಪೆ, ಚೇರು ಮರ ಎರಡನ್ನೂ ಮುಟ್ಟಬೇಡಿ, ಅವುಗಳ ಸೊನೆಯೂ ಹೊಗೆಯೂ ಮೈ ಸುಟ್ಟಂತೆ ಮಾಡುತ್ತವೆ. ಗುರುತು ಸಿಗದ ಮರವಿದ್ದರೆ ತೋಟದವರನ್ನೇ ಕೇಳಿ. ಕಣಗಿಲೆ ಕಡ್ಡಿ ವಿಷ, ಏನನ್ನಾದರೂ ಚುಚ್ಚಿ ಸುಡಲು ಅದನ್ನು ಬಳಸಲೇಬಾರದು.

ಹಚ್ಚುವುದಕ್ಕೆ ಸೀಮೆಎಣ್ಣೆ, ಪೆಟ್ರೋಲ್ ಬೇಡ. ಒಂದು ತೆಂಗಿನ ಕರಟದಲ್ಲಿ ಸ್ವಲ್ಪ ನಾರು, ನಾಲ್ಕೈದು ಬಿಲ್ಲೆ ಕರ್ಪೂರ, ಸುತ್ತ ಸಣ್ಣ ಪುರಲೆ ನಿಲ್ಲಿಸಿದರೆ ಒಂದೇ ಕಡ್ಡಿಗೆ ಹತ್ತುತ್ತದೆ. ಹೊತ್ತಿಕೊಳ್ಳದೆ ಹೊಗೆಯಾದರೆ ಪುರಲೆ ಒತ್ತಾಗಿದೆ ಎಂದೇ ಅರ್ಥ. ಊದುವ ಮೊದಲು ಸ್ವಲ್ಪ ಸಡಿಲ ಮಾಡಿ. ಉಳಿದ ಸೌದೆಯನ್ನು ಟಾರ್ಪಾಲಿನ್ ಅಡಿಯಲ್ಲಿಡಿ, ಎಂಟು ಗಂಟೆಯ ಮೇಲೆ ಇಬ್ಬನಿ ಇಳಿದು ಎಲ್ಲ ಒದ್ದೆ ಮಾಡುತ್ತದೆ.

ಉರಿ ಇರುವಾಗ ನಮ್ಮಲ್ಲಿ ಅಂತ್ಯಾಕ್ಷರಿಯೇ ಮೊದಲು. ಕನ್ನಡದಲ್ಲಿ ಆಡುವಾಗ ನಿಯಮ ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಹತ್ತು ನಿಮಿಷಕ್ಕೆ ಜಗಳ. ನಮ್ಮ ಹಾಡುಗಳ ಸಾಲು ಬಹುಪಾಲು "ಲಿ", "ದೆ", "ನು", "ಳು" ಎಂದು ಮುಗಿಯುತ್ತವೆ. ಹಾಗಾಗಿ ಕೊನೆಯ ಅಕ್ಷರದ ಗುಣಿತ ಬಿಟ್ಟು ವ್ಯಂಜನ ಮಾತ್ರ ಹಿಡಿಯಬೇಕು: "ಲಿ" ಬಂದರೆ ಲ, ಲಾ, ಲೋ ಯಾವುದರಿಂದಲೂ ಹಾಡಬಹುದು. "ಳ" ಮತ್ತು "ಣ"ದಿಂದ ಕನ್ನಡದಲ್ಲಿ ಪದವೇ ಶುರುವಾಗುವುದಿಲ್ಲವಾದ್ದರಿಂದ ಅವುಗಳಿಗೆ "ಲ" ಮತ್ತು "ನ". ಒತ್ತಕ್ಷರ ಬಂದರೆ ಮೇಲಿನ ಅಕ್ಷರ ಸಾಕು. ಎಣಿಕೆ ಇಪ್ಪತ್ತರವರೆಗೆ, ಹತ್ತಕ್ಕೆ ಮುಗಿಸಿದರೆ ಅಜ್ಜ ಅಜ್ಜಿಯರಿಗೆ ಹಾಡು ನೆನಪಾಗುವಷ್ಟರಲ್ಲಿ ಸರದಿ ಹೋಗಿರುತ್ತದೆ. ಸಿನಿಮಾ ಹಾಡಿಗಷ್ಟೇ ಕಟ್ಟಿಹಾಕದೆ ವಚನ, ದಾಸರ ಪದ, ಗಾದೆ ಎಲ್ಲಕ್ಕೂ ಅಂಕ ಕೊಡಿ. ತಂಡ ಮಾಡುವಾಗ ಮಕ್ಕಳನ್ನೆಲ್ಲ ಒಂದು ಕಡೆ ಹಾಕಬೇಡಿ, ಪ್ರತಿ ತಂಡದಲ್ಲೂ ಒಬ್ಬರು ಹಿರಿಯರು, ಒಂದು ಮಗು ಇರಲಿ.

ದನಿ ದಣಿದ ಮೇಲೆ ಒಗಟು. "ಸುತ್ತಮುತ್ತ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ" ಎಂದರೆ ಮೊಟ್ಟೆ. "ಚೋಟುದ್ದ ಹುಡುಗಿಗೆ ಮಾರುದ್ದ ಜಡೆ" ಎಂದರೆ ಸೂಜಿ ದಾರ. ಇಂಥ ಐದಾರು ಹೇಳಿದ ಮೇಲೆ ಸುತ್ತ ಕಾಣುವ ವಸ್ತುವಿನ ಮೇಲೆ ಮಕ್ಕಳೇ ಹೊಸ ಒಗಟು ಕಟ್ಟಬೇಕು. ಟಾರ್ಚ್, ಟೆಂಟಿನ ಗೂಟ, ಹೊಗೆ, ಯಾವುದಾದರೂ ಆದೀತು. ಈ ಆಟದಲ್ಲಿ ಏಳೆಂಟು ವರ್ಷದವರು ದೊಡ್ಡವರನ್ನು ಸೋಲಿಸುತ್ತಾರೆ. ಕಥೆ ಕಟ್ಟುವ ಆಟಕ್ಕೆ ಒಂದು ಕಲ್ಲನ್ನು ಕೈಯಿಂದ ಕೈಗೆ ದಾಟಿಸಿ, ಕಲ್ಲು ಬಂದವರು ಮೂರೇ ವಾಕ್ಯ ಹೇಳಿ ಮೂರನೆಯದನ್ನು "ಅಷ್ಟರಲ್ಲಿ" ಎಂದು ಅರ್ಧಕ್ಕೆ ಬಿಡಬೇಕು. ದೆವ್ವದ ಕಥೆ ಹೇಳುವುದಾದರೆ ಉರಿ ಜೋರಾಗಿರುವಾಗಲೇ ಹೇಳಿ ಮುಗಿಸಿ, ಕೊನೆಯ ಕಥೆ ನಗೆಯದಿರಲಿ. ಇಲ್ಲವಾದರೆ ರಾತ್ರಿ ಟೆಂಟಿನಲ್ಲಿ ಯಾರೂ ಮಲಗುವುದಿಲ್ಲ.

ನೆರಳಿನಾಟಕ್ಕೆ ಬೆಂಕಿಯ ಬೆಳಕನ್ನು ನಂಬಬೇಡಿ. ಉರಿ ಅಗಲ, ಅಲುಗಾಡುತ್ತಲೂ ಇರುತ್ತದೆ, ನೆರಳಿನ ಅಂಚು ಕಲಸಿಹೋಗುತ್ತದೆ. ಎರಡು ಮರದ ನಡುವೆ ಬಿಳಿ ಹಾಸುಬಟ್ಟೆ ಬಿಗಿಯಾಗಿ ಕಟ್ಟಿ, ಅದರ ಹಿಂದೆ ಆರು ಅಡಿ ದೂರದಲ್ಲಿ ಒಂದೇ ಎಲ್‌ಇಡಿ ಇರುವ ಟಾರ್ಚ್ ಇಡಿ. ಹಳೆ ಮದುವೆ ಆಮಂತ್ರಣದ ರಟ್ಟಿನಲ್ಲಿ ಮಂಗ, ಮೊಸಳೆ ಕತ್ತರಿಸಿ ತೆಂಗಿನ ಕಡ್ಡಿಗೆ ಅಂಟಿಸಿದರೆ ಗೊಂಬೆ ಸಿದ್ಧ. ಬಟ್ಟೆಗೆ ತಾಗಿದಂತೆ ಹಿಡಿದರೆ ಗೆರೆ ಸ್ಪಷ್ಟ, ಹಿಂದಕ್ಕೆ ಸರಿಸಿದರೆ ಗೊಂಬೆ ದೊಡ್ಡದಾಗಿ ಮಸುಕಾಗುತ್ತದೆ. ನಮ್ಮ ತೊಗಲುಗೊಂಬೆಯಾಟದವರೂ ಗೊಂಬೆಯನ್ನು ಪರದೆಗೆ ಒತ್ತಿಯೇ ಆಡಿಸುತ್ತಾರೆ. ಹಾಸುಬಟ್ಟೆ ಬೆಂಕಿಯಿಂದ ಹದಿನೈದು ಅಡಿ ದೂರವಿರಲಿ.

ಏಳೂವರೆ ಹೊತ್ತಿಗೆ ಸೌದೆ ಹಾಕುವುದು ನಿಲ್ಲಿಸಿ. ಕಾಲು ಗಂಟೆಯಲ್ಲಿ ಉರಿ ಬಿದ್ದು ಕೆಂಡದ ಮೇಲೆ ಬೂದಿಯ ತೆಳು ಪದರ ಕಟ್ಟುತ್ತದೆ. ಅಡುಗೆಗೆ ಅದೇ ಗುರುತು. ಕೆಂಡವನ್ನು ಗುಂಡಿಯ ಒಂದು ಬದಿಗೆ ಎಳೆದು ಇನ್ನೊಂದು ಬದಿಯಲ್ಲಿ ಬಿಸಿ ಬೂದಿ ಉಳಿಸಿಕೊಳ್ಳಿ. ಗೆಣಸು ಹೋಗಬೇಕಾದದ್ದು ಬೂದಿಗೆ. 150ರಿಂದ 200 ಗ್ರಾಂ ತೂಗುವ, ಒಂದೇ ದಪ್ಪದ ಗೆಣಸು ಆರಿಸಿ, ತೊಳೆದು ಒರೆಸಿ, ಎರಡು ಅಂಗುಲ ಬಿಸಿ ಬೂದಿಯಲ್ಲಿ ಹುದುಗಿಸಿ ಮೇಲೆ ಒಂದು ಪದರ ಕೆಂಡ ಹರಡಬೇಕು. ನಲವತ್ತರಿಂದ ನಲವತ್ತೈದು ನಿಮಿಷ, ನಡುವೆ ಒಮ್ಮೆ ಮಗುಚುವುದು. ತೆಂಗಿನ ಕಡ್ಡಿ ಬೆಣ್ಣೆಗೆ ಇಳಿದಂತೆ ಇಳಿಯಬೇಕು. ಬೆಂದ ಗೆಣಸಿನ ಸಿಪ್ಪೆ ತಿರುಳಿನಿಂದ ಬಿಟ್ಟು ಸುಕ್ಕುಗಟ್ಟಿರುತ್ತದೆ, ಒಡೆದ ಕಡೆ ಕಂದು ಪಾಕ ಒಸರಿ ಅಂಟಂಟಾಗಿರುತ್ತದೆ, ಎರಡು ಹೋಳು ಮಾಡಿದರೆ ಆವಿಯ ಜೊತೆ ಬೆಲ್ಲ ಕಾಸಿದ ಘಮ. ಐದು ನಿಮಿಷ ಆರಿಸಿಯೇ ಮಕ್ಕಳ ಕೈಗೆ ಕೊಡಿ. ಹೊರಗೆ ಆರಿದರೂ ಒಳತಿರುಳು ನಾಲಿಗೆ ಸುಡುವಷ್ಟು ಬಿಸಿ ಇರುತ್ತದೆ.

ಮುಸುಕಿನ ಜೋಳವನ್ನು ಸಿಪ್ಪೆ ಸಮೇತ ಇಪ್ಪತ್ತು ನಿಮಿಷ ಉಪ್ಪುನೀರಿನಲ್ಲಿ ನೆನೆಸಿ ಕೆಂಡದ ಮೇಲಿಟ್ಟರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ತನ್ನ ಆವಿಯಲ್ಲೇ ಬೇಯುತ್ತದೆ. ನೆನೆಸದಿದ್ದರೆ ಸಿಪ್ಪೆಗೆ ಬೆಂಕಿ ಹತ್ತಿ ಕಾಳು ಒಣಗುತ್ತದೆ. ಮಕ್ಕಳು ತಾವೇ ಮಾಡಬಹುದಾದದ್ದು ಬಾಳೆಎಲೆ ಸಿಹಿ. ಎರಡು ಲೋಟ ಅಕ್ಕಿಹಿಟ್ಟು, ಚಿಟಿಕೆ ಉಪ್ಪು, ಬಿಸಿನೀರು ಹಾಕಿ ಮೆತ್ತಗೆ ಕಲಸಿ. ಒಂದು ಲೋಟ ಕಾಯಿತುರಿಗೆ ಮುಕ್ಕಾಲು ಲೋಟ ಪುಡಿಬೆಲ್ಲ, ಏಲಕ್ಕಿ. ಎಲೆಯನ್ನು ಮೊದಲು ಕೆಂಡದ ಮೇಲೆ ಹಿಡಿದು ಬಾಡಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ಮಡಚುವಾಗ ಸೀಳಿ ಬೆಲ್ಲ ಬೂದಿಗೆ ಸುರಿಯುತ್ತದೆ. ಎಲೆಯ ಮೇಲೆ ಹಿಟ್ಟನ್ನು ತೆಳ್ಳಗೆ ತಟ್ಟಿ, ಹೂರಣ ಹರಡಿ, ಮಡಚಿ, ಇನ್ನೊಂದು ಎಲೆ ಸುತ್ತಿ ಕೆಂಡದ ಮೇಲೆ ಒಂದೊಂದು ಬದಿ ಆರೇಳು ನಿಮಿಷ. ಹಿಟ್ಟು ದಪ್ಪವಾದರೆ ಎಲೆ ಸುಟ್ಟರೂ ನಡುವೆ ಹಸಿಯೇ ಉಳಿಯುತ್ತದೆ.

ವಿಜಯಪುರ, ಬಾಗಲಕೋಟೆ, ಗದಗ ಕಡೆ ಹೊಲದಲ್ಲಿ ಉಳಿಯುವವರಿಗೆ ಇದೇ ಚಳಿಗಾಲದಲ್ಲಿ ಸೀತನಿ ಇದೆ. ಹಾಲುಗಾಳಿನ ಜೋಳದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಕಾಳು ಉದುರಿಸಿ, ಹೊಟ್ಟು ಊದಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬೆಲ್ಲದ ಜೊತೆ ತಿನ್ನುವುದು. ಆ ಹೊಲದಲ್ಲಿ ಕೂತು ಗೆಣಸು ಹುಡುಕುವುದರಲ್ಲಿ ಅರ್ಥವಿಲ್ಲ.

ಕಡಲೆಕಾಯಿಯನ್ನು ಹಳೆ ಬಾಣಲೆಯಲ್ಲಿ ಬಿಸಿ ಮರಳಿನ ಜೊತೆ ಹನ್ನೆರಡರಿಂದ ಹದಿನೈದು ನಿಮಿಷ ಹುರಿದರೆ ತಿಂಡಿಯೂ ಆಯಿತು, ಆಟದ ಸಾಮಾನೂ ಆಯಿತು. ಆಡುವುದು ಸರಿಬೆಸ: ಆರಿದ ಕಾಯಿಗಳಲ್ಲಿ ಒಂದು ಹಿಡಿ ಮುಚ್ಚಿ "ಸರಿಯೋ ಬೆಸವೋ?" ಎಂದು ಕೇಳುವುದು, ಸರಿಯಾಗಿ ಹೇಳಿದವರಿಗೆ ಹಿಡಿಯಲ್ಲಿದ್ದದ್ದೆಲ್ಲ. ಚೌಕಾಬಾರಕ್ಕೆ ಬೆಳಕು ಬೇಕು, ಮಕ್ಕಳು ಮಣೆಯ ಮೇಲೆ ಬಗ್ಗುತ್ತಾರೆ. ಸರಿಬೆಸಕ್ಕೆ ಕೈಯ ಸ್ಪರ್ಶ ಸಾಕು. ನಾಲ್ಕು ವರ್ಷದೊಳಗಿನವರಿಗೆ ಕಡಲೆಬೀಜ ತಿನ್ನಲು ಕೊಡಬೇಡಿ, ಗಂಟಲಲ್ಲಿ ಸಿಕ್ಕುತ್ತದೆ.

ಒಂಬತ್ತರ ಸುಮಾರಿಗೆ ಕೆಂಡದ ಮೇಲೆ ಬೂದಿ ಎಳೆದು ಬೆಂಕಿಗೆ ಬೆನ್ನು ಹಾಕಿ ಕೂರಿ. ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷ ಬೇಕು, ಒಮ್ಮೆ ಫೋನ್ ಬೆಳಗಿದರೆ ಮತ್ತೆ ಮೊದಲಿನಿಂದ. ಟಾರ್ಚಿಗೆ ಕೆಂಪು ಗಾಜುಕಾಗದ ಕಟ್ಟಿ. ಅಮಾವಾಸ್ಯೆಯ ಆಸುಪಾಸಿನ ದಿನ ಆರಿಸಿಕೊಂಡರೆ ಒಳ್ಳೆಯದು. ಡಿಸೆಂಬರ್ ಕೊನೆ, ಜನವರಿಯಲ್ಲಿ ಆ ಹೊತ್ತಿಗೆ ಸಾಲಾಗಿ ಮೂರು ನಕ್ಷತ್ರ ಎದ್ದು ಕಾಣುತ್ತವೆ. ಆ ಸಾಲನ್ನು ಒಂದು ಕಡೆ ಚಾಚಿದರೆ ಕೆಂಪಗಿನ ರೋಹಿಣಿ, ಅದರಾಚೆ ಗೊಂಚಲಿನಂತೆ ಕೃತ್ತಿಕೆ; ಇನ್ನೊಂದು ಕಡೆ ಚಾಚಿದರೆ ಲುಬ್ಧಕ, ರಾತ್ರಿಯ ನಕ್ಷತ್ರಗಳಲ್ಲೆಲ್ಲ ಹೆಚ್ಚು ಹೊಳೆಯುವುದು. ಸಾಲಿನ ಉತ್ತರಕ್ಕೆ ಕೆಂಪಾಗಿ ಕಾಣುವುದು ಆರಿದ್ರಾ.

ಇಲ್ಲಿ ಅಜ್ಜಂದಿರನ್ನು ಮಾತಾಡಿಸಿ. "ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲ ಜೋಳ", "ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ" ಎನ್ನುವುದು ಈ ನಕ್ಷತ್ರಗಳ ಹೆಸರಿನ ಮಳೆಗಳನ್ನೇ. ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ ಸೂರ್ಯ ರೋಹಿಣಿ, ಮೃಗಶಿರ, ಆರಿದ್ರಾಗಳನ್ನು ಒಂದೊಂದಾಗಿ ದಾಟುತ್ತಾನೆ. ಆಗ ಅವು ಹಗಲಿನಲ್ಲಿ ಸೂರ್ಯನ ಜೊತೆ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಆರು ತಿಂಗಳು ಕಳೆದು ಸೂರ್ಯ ಎದುರು ಬದಿಗೆ ಹೋದಾಗ ಅವೇ ರಾತ್ರಿಯಿಡೀ ಕಾಣುತ್ತವೆ. ನಡುವೆ ಬೆಂಕಿಯೇ ಸೂರ್ಯ, ಸುತ್ತ ಕೂತವರು ನಕ್ಷತ್ರ ಎಂದುಕೊಂಡು ಒಂದು ಮಗು ಭೂಮಿಯಾಗಿ ಅದರ ಸುತ್ತ ರಂಗೋಲಿ ಗೆರೆಯ ಹೊರಗೆ ನಡೆಯಲಿ. ಬೆಂಕಿಯ ಆಚೆ ಯಾರು ಕೂತಿದ್ದಾರೆ, ಬೆನ್ನ ಹಿಂದೆ ಏನಿದೆ ಎಂದು ಕೇಳುತ್ತಾ ಹೋದರೆ ಎಂಟು ವರ್ಷದವರಿಗೂ ಇದು ಅರ್ಥವಾಗುತ್ತದೆ.

ಕೈ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಹೊಯ್ಯುತ್ತಿರಿ. ಟೂತ್‌ಪೇಸ್ಟ್, ಅರಿಶಿನ, ಐಸ್ ಹಚ್ಚಬೇಡಿ. ಬೊಬ್ಬೆ ಅಂಗೈಗಿಂತ ಅಗಲವಿದ್ದರೆ, ಮುಖ ಸುಟ್ಟಿದ್ದರೆ ಕಾಯದೆ ಆಸ್ಪತ್ರೆಗೆ, ಆಂಬುಲೆನ್ಸ್‌ಗೆ 108.

ಆರಿಸುವಾಗ ಮಣ್ಣು ಮುಚ್ಚಿ ಹೋಗುವುದು ದೊಡ್ಡ ತಪ್ಪು. ಮಣ್ಣಿನಡಿ ಕೆಂಡ ಬೆಳಗಿನವರೆಗೂ ಜೀವ ಹಿಡಿದಿರುತ್ತದೆ, ಮೇಲೆ ಏನೂ ಕಾಣುವುದಿಲ್ಲ, ಬರಿಗಾಲಲ್ಲಿ ಓಡುವ ಮಗು ಕಾಲಿಡುವುದು ಅಲ್ಲೇ. ಅಂಚಿನಿಂದ ನಡುವಿಗೆ ನಿಧಾನವಾಗಿ ನೀರು ಹೊಯ್ಯಿರಿ, ಒಮ್ಮೆಲೇ ಸುರಿದರೆ ಬಿಸಿ ಆವಿ, ಬೂದಿ ಮುಖಕ್ಕೆ ಹಾರುತ್ತದೆ. ಕೋಲಿನಿಂದ ತಳದವರೆಗೆ ಕೆದಕಿ ಮತ್ತೆ ನೀರು. ಚುಂಯ್ ಎನ್ನುವ ಸದ್ದು ನಿಲ್ಲುವವರೆಗೆ. ಮುಂಗೈಯನ್ನು ಬೂದಿಯ ಮೇಲೆ ಹಿಡಿದು ನೋಡಿ, ಆಮೇಲೆ ಮುಟ್ಟಿ. ಬೆಚ್ಚಗಿದ್ದರೂ ಇನ್ನೊಂದು ಬಕೆಟ್.