ಹಾಡುಗಾರನ ರಿಹರ್ಸಲ್ ಸ್ಟುಡಿಯೋ: ನನ್ನ ಅನುಭವ

ಬೆಂಗಳೂರಿನ ಹಾರ್ಡ್ ರಾಕ್ ತಂಡವೊಂದರಲ್ಲಿ ಹಾಡುತ್ತಿದ್ದ ನಾನು ರಿಹರ್ಸಲ್ ಸ್ಟುಡಿಯೋ ಆರಂಭಿಸಲು ಹೊರಟಾಗ ನನ್ನ ಕಣ್ಣ ಮುಂದಿದ್ದದ್ದು ಐರನ್ ಮೇಡನ್ ತಂಡದ ಗಾಯಕ ಬ್ರೂಸ್ ಡಿಕಿನ್ಸನ್ ಅವರ ವೃತ್ತಿಜೀವನ. 2007ರ ಮಾರ್ಚ್‌ನಲ್ಲಿ ಆ ತಂಡ ಅರಮನೆ ಮೈದಾನದಲ್ಲಿ ಹಾಡಿದ್ದನ್ನು ಕೇಳಿದ ನನ್ನ ತಲೆಮಾರಿನ ಅನೇಕರಿಗೆ ಅವರ ಕಂಠ ಗೊತ್ತು. ವೇದಿಕೆಯ ಹೊರಗೆ ಅವರು ಕಟ್ಟಿದ ಬದುಕು ಅಷ್ಟಾಗಿ ಗೊತ್ತಿಲ್ಲ.

1958ರಲ್ಲಿ ಇಂಗ್ಲೆಂಡಿನ ವರ್ಕ್ಸಾಪ್‌ನಲ್ಲಿ ಹುಟ್ಟಿದ ಡಿಕಿನ್ಸನ್ 1981ರಲ್ಲಿ ಐರನ್ ಮೇಡನ್ ಸೇರಿದರು, 1993ರಲ್ಲಿ ಹೊರಬಂದು 1999ರಲ್ಲಿ ಮರಳಿದರು. ವಿಮಾನ ಹಾರಿಸುವುದನ್ನು ಕ್ರಮವಾಗಿ ಕಲಿತು, ಆಸ್ಟ್ರೇಯಸ್ ಏರ್‌ಲೈನ್ಸ್‌ನಲ್ಲಿ ಕ್ಯಾಪ್ಟನ್ ಆಗಿ ದುಡಿದರು. 2008ರ ಪ್ರವಾಸದಲ್ಲಿ ತಂಡವನ್ನೂ ಸಿಬ್ಬಂದಿಯನ್ನೂ ವಾದ್ಯ ಸಾಮಗ್ರಿಯನ್ನೂ ಹೊತ್ತ ಬೋಯಿಂಗ್ 757 ವಿಮಾನವನ್ನು ತಾವೇ ನಡೆಸಿದರು. 2011ರಲ್ಲಿ ಆ ವಿಮಾನ ಸಂಸ್ಥೆ ಮುಚ್ಚಿಹೋಯಿತು. ಮರುವರ್ಷ ಅವರು ವೇಲ್ಸ್‌ನ ಸೇಂಟ್ ಅಥನ್‌ನಲ್ಲಿ ವಿಮಾನಗಳ ನಿರ್ವಹಣೆಗೆಂದು ಕಾರ್ಡಿಫ್ ಏವಿಯೇಷನ್ ಆರಂಭಿಸಿದರು. 2013ರಲ್ಲಿ ಸ್ಟಾಕ್‌ಪೋರ್ಟ್‌ನ ರಾಬಿನ್ಸನ್ಸ್ ಬ್ರೂವರಿಯೊಂದಿಗೆ ಟ್ರೂಪರ್ ಎಂಬ ಬಿಯರ್ ತಂದಾಗಲೂ ಹೆಸರು ಕೊಟ್ಟು ಸುಮ್ಮನಾಗದೆ, ರುಚಿ ನೋಡಿ ಅದರ ಪಾಕವನ್ನು ನಿರ್ಧರಿಸುವ ಕೆಲಸದಲ್ಲಿ ಪಾಲ್ಗೊಂಡರು. ಹಾಡುಗಾರನ ಹೆಸರನ್ನಷ್ಟೇ ನಂಬಿ ಯಾರೂ ವಿಮಾನವನ್ನು ದುರಸ್ತಿಗೆ ಒಪ್ಪಿಸುವುದಿಲ್ಲ ಎಂಬುದೇ ನನ್ನನ್ನು ಹಿಡಿದು ನಿಲ್ಲಿಸಿದ ಅಂಶ. ಆದ್ದರಿಂದ ನನಗೆ ಒಳಹೊರಗು ತಿಳಿದಿರುವ ಕೆಲಸ ಯಾವುದೆಂದು ಮೊದಲು ಕೇಳಿಕೊಂಡೆ. ರಾಕ್ ತಂಡಕ್ಕೆ ಅಭ್ಯಾಸದ ಕೋಣೆ ಹೇಗಿರಬೇಕು ಎಂಬುದು ನನಗೆ ಚೆನ್ನಾಗಿ ತಿಳಿದಿತ್ತು.

ಬಂಡವಾಳದ ಹೆಚ್ಚಿನ ಪಾಲನ್ನು ನಾನು ವಾದ್ಯಗಳಿಗಲ್ಲ, ಗೋಡೆಗಳಿಗೆ ಹಾಕಿದೆ. ಗೋಡೆಗೆ ಅಂಟಿಸುವ ಫೋಮ್ ಒಳಗಿನ ಪ್ರತಿಧ್ವನಿಯನ್ನು ತಗ್ಗಿಸುತ್ತದೆಯೇ ಹೊರತು ಶಬ್ದ ಹೊರಹೋಗುವುದನ್ನು ತಡೆಯುವುದಿಲ್ಲ. ಬಾಸ್ ಗಿಟಾರ್ ಮತ್ತು ಕಿಕ್ ಡ್ರಮ್‌ಗಳ ಕಂಪನ ನೆಲ, ಕಂಬಗಳ ಮೂಲಕವೇ ನೆರೆಮನೆ ತಲುಪುತ್ತದೆ. ಅದಕ್ಕಾಗಿ ಕೋಣೆಯೊಳಗೆ ಇನ್ನೊಂದು ಕೋಣೆಯನ್ನೇ ಕಟ್ಟಿಸಿದೆ: ರಬ್ಬರ್ ಪ್ಯಾಡ್‌ಗಳ ಮೇಲೆ ಕುಳಿತ ನೆಲ, ಹಳೆಯ ಗೋಡೆಗೆ ತಾಗದಂತೆ ಅಂತರ ಬಿಟ್ಟು ನಿಲ್ಲಿಸಿದ ಎರಡು ಪದರದ ಜಿಪ್ಸಮ್ ಬೋರ್ಡ್, ನಡುವೆ ರಾಕ್‌ವೂಲ್ ಎಂಬ, ಶಬ್ದ ಹೀರುವ ಕಲ್ಲಿನ ನಾರಿನ ಹಾಸು. ಬಾಗಿಲಿನ ಸಂದುಗಳಿಗೆ ರಬ್ಬರ್ ಪಟ್ಟಿ ಹಾಕಿಸದಿದ್ದರೆ ಉಳಿದ ಖರ್ಚೆಲ್ಲ ವ್ಯರ್ಥ, ಏಕೆಂದರೆ ಗಾಳಿ ನುಸುಳುವಲ್ಲೆಲ್ಲ ಶಬ್ದವೂ ನುಸುಳುತ್ತದೆ. ಗಾಳಿಯೇ ಆಡದ ಕೋಣೆಯಲ್ಲಿ ಯಾರೂ ಗಂಟೆಗಟ್ಟಲೆ ಹಾಡಲಾರರು. ಹಾಗಾಗಿ ಒಳಮೈಗೆ ಶಬ್ದ ಹೀರುವ ಪದರ ಹೊದಿಸಿ, ತಿರುವುಗಳುಳ್ಳ ಗಾಳಿಕೊಳವೆಯನ್ನು ಹಾಕಿಸಿದೆ.

ಗಾಯಕರಿಗೆ ಅವರದೇ ದನಿ ಕೇಳಿಸುವ ಮಾನಿಟರ್ ಸ್ಪೀಕರನ್ನು ಮೈಕಿನ ಹಿಂಬದಿಗೆ, ಅಂದರೆ ಮೈಕು ಕಡಿಮೆ ಕೇಳಿಸಿಕೊಳ್ಳುವ ದಿಕ್ಕಿಗೆ, ಇಡಬೇಕೆಂದು ನಾನು ಇಂದಿಗೂ ಹಟ ಹಿಡಿಯುತ್ತೇನೆ. ತನ್ನ ದನಿ ತನಗೆ ಕೇಳಿಸದ ಗಾಯಕ ಗಂಟಲು ಹರಿದುಕೊಂಡು ಕೂಗುತ್ತಾನೆ, ಅಂಥ ಅಭ್ಯಾಸ ಕಂಠವನ್ನೇ ಕೆಡಿಸುತ್ತದೆ. ಈ ಕಾಳಜಿ ನನಗೆ ಬಂದದ್ದು ಹಾಡುತ್ತಿದ್ದ ವರ್ಷಗಳಿಂದ.

ಸಂಜೆ ಮತ್ತು ವಾರಾಂತ್ಯಗಳಲ್ಲಿ ತಂಡಗಳು ತಾವಾಗಿ ಬಂದವು, ಹಗಲು ಮಾತ್ರ ಕೋಣೆ ಖಾಲಿ ಉಳಿಯುತ್ತಿತ್ತು. ಆ ಹೊತ್ತಿನಲ್ಲಿ ಕಂಠಶಿಕ್ಷಣದ ತರಗತಿಗಳನ್ನು ಆರಂಭಿಸಿ, ಕಾಲೇಜು ತಂಡಗಳಿಗೆ ಬಾಡಿಗೆ ಇಳಿಸಿದೆ. ಈಗ ಬಾಡಿಗೆ, ವಿದ್ಯುತ್ತು, ಆಂಪ್ಲಿಫೈಯರ್‌ಗಳ ದುರಸ್ತಿ, ಮೂರೂ ಸ್ಟುಡಿಯೋದ ಆದಾಯದಿಂದಲೇ ನಡೆಯುತ್ತಿವೆ. ಸೋಮವಾರ ಸಂಜೆಯ ಹೊತ್ತನ್ನು ಮಾತ್ರ ನಮ್ಮ ತಂಡದ ಅಭ್ಯಾಸಕ್ಕೆ ಮೀಸಲಿಟ್ಟು, ಆ ಗಂಟೆಗಳ ಬಾಡಿಗೆಯನ್ನು ನಾನೇ ಲೆಕ್ಕಕ್ಕೆ ಜಮಾ ಮಾಡುತ್ತೇನೆ.