ಡೈನೋಸಾರ್ ಬಿಸಿರಕ್ತದ್ದೇ? ಮೂಳೆ ಕೊಯ್ದು ನೋಡುವ ಬಗೆ

ಡೈನೋಸಾರ್‌ನ ಮೈಶಾಖವನ್ನು ಥರ್ಮಾಮೀಟರ್ ಇಟ್ಟು ಅಳೆಯುವಂತಿಲ್ಲ. ಆದರೆ ಅದು ಎಷ್ಟು ಬೇಗ ಬೆಳೆಯಿತು ಎಂಬ ಲೆಕ್ಕ ಮೂಳೆಯೊಳಗೇ ಇದೆ. ಬೇಗ ಬೆಳೆಯಬೇಕಾದರೆ ದೇಹದ ಒಲೆ ಜೋರಾಗಿ ಉರಿಯಬೇಕು. ನಾನು ಹುಡುಕುವುದು ಆ ಒಲೆಯ ಗುರುತನ್ನು.

ಚೂರು ತೆಗೆಯುವುದು ತೊಡೆಮೂಳೆಯ ನಟ್ಟನಡುವಿನಿಂದ. ತುದಿಗಳ ಕಡೆ ಮೂಳೆ ಬೆಳೆಯುತ್ತಾ ತನ್ನನ್ನು ತಿದ್ದಿಕೊಳ್ಳುವುದರಿಂದ ಹಳೆಯ ಪದರಗಳು ಅಳಿಸಿಹೋಗಿರುತ್ತವೆ. ಕೊಯ್ದದ್ದು ಮತ್ತೆ ಕೂಡುವುದಿಲ್ಲ, ಹಾಗಾಗಿ ಮೊದಲು ಅಳತೆ, ಫೋಟೊ, ಸಿಲಿಕೋನ್ ಅಚ್ಚು. ಆಮೇಲೆ ಚೂರನ್ನು ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೆ ವ್ಯಾಕ್ಯೂಮ್ ಪಾತ್ರೆಯಲ್ಲಿಡುತ್ತೇನೆ. ಇಲ್ಲಿ ಅವಸರಪಟ್ಟರೆ ರಂಧ್ರಗಳಲ್ಲಿ ಗಾಳಿ ಉಳಿದು, ಉಜ್ಜುವಾಗ ಮೂಳೆ ಕಿತ್ತುಬರುತ್ತದೆ.

ಅಂಟು ಗಟ್ಟಿಯಾದ ಮೇಲೆ ವಜ್ರದ ಅಲಗಿನ ಗರಗಸದಲ್ಲಿ 2–3 ಮಿ.ಮೀ. ದಪ್ಪದ ಬಿಲ್ಲೆ ಕೊಯ್ದು, ಒಂದು ಮುಖ ನಯಮಾಡಿ ಗಾಜಿನ ಸ್ಲೈಡಿಗೆ ಅಂಟಿಸುತ್ತೇನೆ. ಇನ್ನೊಂದು ಮುಖವನ್ನು ಸಿಲಿಕಾನ್ ಕಾರ್ಬೈಡ್ ಪುಡಿಯಿಂದ 240, 400, 600, 1000 ಎಂದು ಕ್ರಮವಾಗಿ ಉಜ್ಜಬೇಕು; ಸಂಖ್ಯೆ ಹೆಚ್ಚಿದಷ್ಟೂ ಪುಡಿ ನುಣುಪು. ಪುಡಿ ಬದಲಿಸುವಾಗಲೆಲ್ಲ ಸ್ಲೈಡನ್ನೂ ಕೈಯನ್ನೂ ಚೆನ್ನಾಗಿ ತೊಳೆಯಲೇಬೇಕು. 240ರ ಒಂದೇ ಒಂದು ಕಣ ಉಳಿದರೂ ಕೊನೆಯಲ್ಲಿ ಉದ್ದಕ್ಕೆ ಗೀರು ಬೀಳುತ್ತದೆ. ಗುರಿ 50ರಿಂದ 80 ಮೈಕ್ರೊಮೀಟರ್. ಬೆಳಕು ಹಾಯತೊಡಗಿದ ಮೇಲೆ ಹತ್ತು ಸುತ್ತು ಉಜ್ಜುವುದು, ಸೂಕ್ಷ್ಮದರ್ಶಕದಲ್ಲಿ ನೋಡುವುದು, ಮತ್ತೆ ಹತ್ತು ಸುತ್ತು. ಬೆರಳಿನ ಒತ್ತಡ ಒಂದೇ ಬದಿಗೆ ಬಿದ್ದು ಮೂಳೆಯ ಹೊರಅಂಚು ಸವೆದರೆ, ಆ ಪ್ರಾಣಿಯ ಕೊನೆಯ ವರ್ಷಗಳೇ ಹೋದಂತೆ.

ಓದುವಾಗ ಬಹಳಷ್ಟು ಜನ ಎಡವುವುದು ಉಂಗುರಗಳಲ್ಲಿ. ವರ್ಷಕ್ಕೊಮ್ಮೆ ಬೆಳವಣಿಗೆ ನಿಂತಾಗ ಉಂಗುರದಂತೆ ಬೀಳುವ ಗೆರೆಗಳು ಮೊಸಳೆಯಲ್ಲಿವೆ, ಆದ್ದರಿಂದ ಗೆರೆ ಕಂಡರೆ ಶೀತರಕ್ತ ಎಂಬ ವಾದ ಬಹುಕಾಲ ನಡೆಯಿತು. 2012ರಲ್ಲಿ ವಿಜ್ಞಾನಿ ಮೈಕೆ ಕೋಲರ್ ಮತ್ತು ಸಂಗಡಿಗರು ಮೆಲುಕು ಹಾಕುವ ಬಿಸಿರಕ್ತದ ಕಾಡುಪ್ರಾಣಿಗಳ ಮೂಳೆಯಲ್ಲೂ ಅದೇ ಗೆರೆ ತೋರಿಸಿದರು. ನಾನು ಗೆರೆಯನ್ನು ವಯಸ್ಸು ಎಣಿಸಲು ಮಾತ್ರ ಬಳಸುತ್ತೇನೆ. ಅದರಲ್ಲೂ ಮಜ್ಜೆಯ ಕುಳಿ ಅಗಲವಾಗುತ್ತಾ ಮೊದಲ ವರ್ಷಗಳ ಗೆರೆಗಳನ್ನು ನುಂಗಿರುತ್ತದೆ. ಅದೇ ಜಾತಿಯ ಮರಿಯ ಮೂಳೆಯನ್ನು ಇಟ್ಟು ಅವನ್ನು ತುಂಬಿಕೊಳ್ಳದಿದ್ದರೆ ವಯಸ್ಸು ಕಡಿಮೆ ಬರುತ್ತದೆ.

ತೀರ್ಪಿಗೆ ಬೇಕಾದದ್ದು ಎರಡು ಗೆರೆಗಳ ನಡುವಿನ ನೇಯ್ಗೆ. ಬೇಗ ಬೆಳೆದ ಮೂಳೆಯಲ್ಲಿ ನಾರುಗಳು ದಿಕ್ಕುದೆಸೆಯಿಲ್ಲದೆ ಹೆಣೆದಿರುತ್ತವೆ, ಕೋಶದ ಗೂಡುಗಳು ದುಂಡಗೆ ಒತ್ತೊತ್ತಾಗಿರುತ್ತವೆ, ರಕ್ತನಾಳದ ಕಾಲುವೆಗಳು ತುಂಬಿರುತ್ತವೆ. ಧ್ರುವೀಕೃತ (ಒಂದೇ ದಿಕ್ಕಿಗೆ ಕಂಪಿಸುವಂತೆ ಸೋಸಿದ) ಬೆಳಕಿನಲ್ಲಿ ಸ್ಲೈಡ್ ತಿರುಗಿಸಿದರೂ ಆ ಹೆಣಿಗೆ ಕಪ್ಪಾಗಿಯೇ ಉಳಿಯುತ್ತದೆ. ನಿಧಾನವಾಗಿ ಬೆಳೆದದ್ದರಲ್ಲಿ ಚಪ್ಪಟೆ ಗೂಡುಗಳು ಸಾಲುಗಟ್ಟಿ, ಪದರಗಳು ಪಟ್ಟೆಪಟ್ಟೆಯಾಗಿ ಹೊಳೆಯುತ್ತವೆ.

ಬಹುತೇಕ ಡೈನೋಸಾರ್‌ಗಳಲ್ಲಿ ಮೊದಲನೆಯ ನೇಯ್ಗೆಯೇ ಕಾಣುತ್ತದೆ. ಆದರೂ ಮರಿ ಮೊಸಳೆಗಳಲ್ಲೂ ಅದು ಅಲ್ಲಲ್ಲಿ ಸಿಗುವುದುಂಟು, ಸಣ್ಣ ದೇಹದ ಬಿಸಿರಕ್ತದ ಪ್ರಾಣಿಯಲ್ಲಿ ಇಲ್ಲದಿರುವುದೂ ಉಂಟು. ಅದಕ್ಕೇ ಅದೇ ಗಾತ್ರದ ಹಕ್ಕಿ, ಸಸ್ತನಿ, ಮೊಸಳೆಯ ಸ್ಲೈಡ್‌ಗಳನ್ನು ಪಕ್ಕದಲ್ಲಿಟ್ಟುಕೊಳ್ಳದೆ ನಾನು ಒಂದು ಮಾತೂ ಬರೆಯುವುದಿಲ್ಲ.